ಲೈನ್ ಮನೆಯಲ್ಲಿ ಒಬ್ಬರಿಗೆ ಕುಷ್ಠ: ಮನೆ ಖಾಲಿ ಮಾಡಿಸಬೇಕಾ?

ತೋಟದ ರೈಟರ್, ಸಿದ್ದಾಪುರ ಕಡೆ:
ಜಾರ್ಖಂಡಿನಿಂದ ಕಾಫಿ ಕುಯ್ಲಿಗೆ ಬಂದ ಹೆಂಗಸೊಬ್ಬರ ತೋಳು, ಬೆನ್ನಿನ ಮೇಲೆಲ್ಲ ಮಾಸಲು ಮಚ್ಚೆ. ಆಶಾ ಕಾರ್ಯಕರ್ತೆ ಆಸ್ಪತ್ರೆಗೆ ಕರೆದೊಯ್ದರು. ಕುಷ್ಠವಂತೆ, ಒಂದು ವರ್ಷದ ಮಾತ್ರೆ ಶುರುವಾಗಿದೆ. ಈಗ ಲೈನಿನವರು, ಅಂದರೆ ತೋಟದ ಸಾಲುಮನೆಯಲ್ಲಿರುವ ಉಳಿದ ಕೆಲಸಗಾರರು, ಅವರನ್ನು ನಲ್ಲಿ ಹತ್ತಿರ ಬಿಡ್ತಿಲ್ಲ. ಕಳಿಸದಿದ್ದರೆ ನಾವೇ ಹೊರಡ್ತೀವಿ ಅಂತ ಮೇಸ್ತ್ರಿ ಕೈಲಿ ಹೇಳಿಸಿದ್ದಾರೆ. ಓನರ್ ನನ್ನನ್ನೇ ಕೇಳ್ತಾರೆ. ಏನು ಹೇಳಲಿ?

ನಿವೃತ್ತ ಆರೋಗ್ಯ ಸಹಾಯಕ, ವಿರಾಜಪೇಟೆ:
ಖಾಲಿ ಮಾಡಿಸಬೇಡಿ ರೈಟರೇ. ನಲ್ಲಿ, ತಟ್ಟೆ, ಒಟ್ಟಿಗೆ ಹಣ್ಣು ಕುಯ್ಯೋದು, ಇದ್ಯಾವುದರಿಂದಲೂ ಹರಡಲ್ಲ. ಚಿಕಿತ್ಸೆ ಇಲ್ಲದವರ ಮೂಗು-ಬಾಯಿಯ ಹನಿಯಿಂದ, ಅದೂ ತಿಂಗಳುಗಟ್ಟಲೆ ಒಟ್ಟಿಗಿದ್ದರೆ ಬರಬಹುದು. ಹೆಚ್ಚಿನವರ ಮೈ ಆ ರೋಗಾಣುವನ್ನು ತಾನೇ ತಡೆದುಬಿಡುತ್ತೆ. ಮಾತ್ರೆ ಶುರುವಾದ ಮೇಲಂತೂ ಅವರಿಂದ ಹರಡಲ್ಲ. ಅಂದರೆ ಭಯಪಡಬೇಕಾದ ಕಾಲ ನಿಮ್ಮ ಲೈನಿನವರಿಗೆ ಗೊತ್ತೇ ಆಗದೆ ಕಳೆದುಹೋಗಿದೆ! ಓಡಿಸಿದರೆ ಮಾತ್ರೆ ತಪ್ಪುತ್ತೆ, ಆಗ ನಿಜವಾದ ತೊಂದರೆ.

ಮಾಡಬೇಕಾದ್ದು ಬೇರೆ. ಜತೆಗಿದ್ದವರ ಮೈಯೆಲ್ಲ ಪರೀಕ್ಷೆ ಮಾಡಿಸಿ. ರೋಗ ಇಲ್ಲದವರಿಗೆ, ಟಿ.ಬಿ. ಇಲ್ಲ, ಗರ್ಭಿಣಿಯಲ್ಲ ಅಂತ ನೋಡಿಕೊಂಡು, ರೋಗ ಬಾರದಂತೆ ತಡೆಯೋಕೆ ರಿಫಾಂಪಿಸಿನ್ ಅನ್ನೋ ಔಷಧಿ ಒಂದೇ ಡೋಸ್ ಕೊಡ್ತಾರೆ. ರೋಗ ತೋರಿಸಿಕೊಳ್ಳೋಕೆ ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷವೂ ಹಿಡಿಯುತ್ತೆ. ಹಾಗಾಗಿ ಈ ಸಲ ಇಲ್ಲ ಅಂದ ಮಾತ್ರಕ್ಕೆ ಮರೆಯೋದಲ್ಲ. ತೊನ್ನನ್ನೇ ಕುಷ್ಠ ಅಂದುಕೊಳ್ಳಬೇಡಿ: ತೊನ್ನು ಹಾಲಿನಂತೆ ಬೆಳ್ಳಗಿರುತ್ತೆ, ಸ್ಪರ್ಶ ಇರುತ್ತೆ. ಕುಷ್ಠದ ಮಚ್ಚೆ ಮಾಸಲು ಅಥವಾ ಕೆಂಪಗೆ, ತುರಿಸಲ್ಲ. ಕಣ್ಣು ಮುಚ್ಚಿಸಿ ಹತ್ತಿ ತಾಗಿಸಿದರೆ ಹಲವರಿಗೆ ಗೊತ್ತಾಗಲ್ಲ.

ಅವರ ಕೈಕಾಲು ಜೋಮು ಹಿಡಿದಿದೆಯಾ ಕೇಳಿ. ಹಾಗಿದ್ದರೆ ಗಂಬೂಟಿನೊಳಗೆ ಕಲ್ಲು ಸೇರಿದರೂ ತಿಳಿಯಲ್ಲ, ಸಂಜೆ ಅಂಗಾಲು ನೋಡಿಕೊಳ್ಳಲಿ. ಒಲೆಯ ಪಾತ್ರೆ ಬಟ್ಟೆಯಲ್ಲೇ ಹಿಡಿಯಲಿ. ಬೆರಳು ಹೋಗೋದು ಹೀಗೆ ಗಮನಕ್ಕೆ ಬಾರದ ಗಾಯ, ಸುಟ್ಟಗಾಯ ಕೀತುಕೊಂಡೇ.

ಗೋಣಿಕೊಪ್ಪದಿಂದ:
ನಮ್ಮ ಅತ್ತೆಗೆ ಆಗಿತ್ತು. ಮಾತ್ರೆಯಿಂದ ಮುಖ ಕಪ್ಪಾಗಿ, ರೋಗ ಏರ್ತಿದೆ ಅಂತ ನೆಂಟರು ಮಾತಾಡಿಕೊಂಡರು. ಮುಗಿಸಿದ ಮೇಲೆ ನಿಧಾನಕ್ಕೆ ತಿಳಿಯಾಯ್ತು. ಮಾತ್ರೆಯಿಂದ ಮೂತ್ರ ಕೆಂಪಾದರೂ ಹೆದರಬೇಡಿ ಅಂತ ಆ ಅಕ್ಕನಿಗೆ ಹೇಳಿ.

ತೋಟದ ರೈಟರ್:
ಸರ್, ಕುಯ್ಲು ಮುಗಿದರೆ ಅವರು ಊರಿಗೆ ಹೋಗ್ತಾರೆ. ಆಗ ಮಾತ್ರೆ?

ನಿವೃತ್ತ ಆರೋಗ್ಯ ಸಹಾಯಕ:
ಹೊರಡುವ ಮುಂಚೆಯೇ ಆಸ್ಪತ್ರೆಗೆ ತಿಳಿಸಿ, ಚಿಕಿತ್ಸೆಯ ವಿವರ ಬರೆಸಿ ಕೈಗೆ ಕೊಡಿ. ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಈ ಮಾತ್ರೆಗೆ ದುಡ್ಡಿಲ್ಲ. ದಾರಿಗೆ ಸಾಕಾಗುವಷ್ಟು ಪ್ಯಾಕ್ ಕೇಳಿ. ಮಧ್ಯೆ ಮಚ್ಚೆ ಊದಿ ಕೆಂಪಾದರೆ, ಮೊಣಕೈ ನರ ನೋಯತೊಡಗಿದರೆ, ಬೆರಳಿನ ಬಲ ಕುಂದಿದರೆ ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಮಾತ್ರೆ ಮೈಗೆ ಒಗ್ಗಲಿಲ್ಲ ಅಂತ ತಾವೇ ನಿಲ್ಲಿಸೋರು ಬಹಳ. ನಿಲ್ಲಿಸಬಾರದು. ಮೇಸ್ತ್ರಿಗೆ ಹೇಳೋಕೆ ಕಷ್ಟ ಅನಿಸಿದರೆ ಆಶಾ ಅವರನ್ನ ಕರೆದು ಲೈನಿನಲ್ಲೇ ಮಾತಾಡಿಸಿ.