ಸಹಾಯ ಬೇಕು: ದಾಸವಾಳದ ಸೂಚಕ ಕಾಗದ ಬಾಳಿಕೆ ಬರಲು ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕಾಗಿ ಆಮ್ಲ, ಪ್ರತ್ಯಾಮ್ಲಗಳನ್ನು ಗುರುತಿಸುವ ಕಾಗದವನ್ನು ಮಕ್ಕಳೇ ತಯಾರಿಸುತ್ತಿದ್ದಾರೆ. ಅರಿಸಿನದ ಪಟ್ಟಿ ಚೆನ್ನಾಗಿ ಬಂದಿದೆ. ಸಾಬೂನು ನೀರು ತಾಗಿದೊಡನೆ ಕೆಂಪಾಗುತ್ತದೆ. ಆದರೆ ಅದು ಆಮ್ಲವನ್ನು ತೋರಿಸದು. ಅದಕ್ಕೆಂದೇ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ರಸದಲ್ಲಿ ಸೋಸು ಕಾಗದವನ್ನು ಅದ್ದಿ ಒಣಗಿಸಿದೆವು. ಹೊಸದರಲ್ಲಿ ನಿಂಬೆರಸಕ್ಕೆ ಗಾಢ ಗುಲಾಬಿ, ಅಡುಗೆ ಸೋಡಾದ ನೀರಿಗೆ ಹಸಿರು. ಆಗಿನ ಮಕ್ಕಳ ಸಂಭ್ರಮವನ್ನು ನೋಡಬೇಕು!

ಕೆಲವೇ ದಿನಗಳಲ್ಲಿ ಕಾಗದ ಕಂದಿಹೋಗುತ್ತಿದೆ. ನೆರಳಿನಲ್ಲಿ ಒಣಗಿಸಿ, ಬೆಳಕು ಬೀಳದ ಡಬ್ಬಿಯಲ್ಲಿಟ್ಟರೆ ಸಾಕೇ? ಶಂಖಪುಷ್ಪದ ಬಣ್ಣ ಹೆಚ್ಚು ದಿನ ಉಳಿಯುತ್ತದೆಯೇ? ಅಂಗಡಿಯಿಂದ ರಾಸಾಯನಿಕ ತಾರದೆ ಮಾಡಿ ನೋಡಿದವರು ದಯವಿಟ್ಟು ವಿಧಾನವನ್ನು ವಿವರವಾಗಿ ತಿಳಿಸಿ.