ಮಿತ್ಸುಮಿನೆಯ ತೋಳದ ದೇಗುಲಕ್ಕೆ ಹಿರಿಯರೊಂದಿಗೆ: ಹೋಗಿಬಂದವರ ಮಾತು

ಪ್ರಶ್ನೆ: ಟೋಕಿಯೊದಲ್ಲಿರುವ ನಮ್ಮ ಮನೆಗೆ ಊರಿನಿಂದ ಅತ್ತೆ-ಮಾವ ಬರಲಿದ್ದಾರೆ. ಸೈತಾಮಾ ಪ್ರಾಂತ್ಯದ ಚಿಚಿಬು ಬೆಟ್ಟಗಳಲ್ಲಿ ತೋಳಕ್ಕೆ ನಡೆದುಕೊಳ್ಳುವ ಮಿತ್ಸುಮಿನೆ ಶಿಂಟೊ (ಜಪಾನಿನ ಮೂಲಧರ್ಮದ) ದೇಗುಲಕ್ಕೆ ಅವರನ್ನು ಕರೆದೊಯ್ಯಬೇಕೆಂದಿದ್ದೇವೆ. ಒಂದೇ ದಿನದಲ್ಲಿ ಸಾಧ್ಯವೇ? ಅಲ್ಲಿಯ ಕ್ರಮವೇನು? ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ: ಸಾಧ್ಯ, ಆದರೆ ಹಿರಿಯರು ದಣಿಯುತ್ತಾರೆ. ಟೋಕಿಯೊದ ಇಕೆಬುಕುರೊದಿಂದ ಸೇಯ್ಬು-ಚಿಚಿಬು ನಿಲ್ದಾಣಕ್ಕೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು 80 ನಿಮಿಷ. ಅಲ್ಲಿಂದ ಬೆಟ್ಟದ ತಿರುವುಗಳಲ್ಲಿ ಬಸ್ಸಿನ ದಾರಿ ಹೆಚ್ಚುಕಡಿಮೆ ಅಷ್ಟೇ ಹೊತ್ತಿನದು. ಬಸ್ಸುಗಳು ದಿನಕ್ಕೆ ಕೆಲವೇ ಇರುವುದರಿಂದ, ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ಮೊದಲು ನೋಡಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಿ. ದೇಗುಲವು ಸುಮಾರು 1,100 ಮೀಟರ್ ಎತ್ತರದಲ್ಲಿರುವ ಕಾರಣ ಸ್ವೆಟರ್ ಬೇಕೇ ಬೇಕು. ಆವರಣದಲ್ಲಿಯೇ ವಸತಿಗೃಹವಿದೆ; ನನ್ನನ್ನು ಕೇಳಿದರೆ ಒಂದು ರಾತ್ರಿ ಅಲ್ಲಿ ತಂಗುವುದೇ ಲೇಸು.

ಎರಡನೆಯ ಉತ್ತರ: ಕ್ರಮದ ಬಗ್ಗೆ ಹೇಳುತ್ತೇನೆ. ಮೂರು ತೊರೀಗಳನ್ನು (ಶಿಂಟೊ ದೇಗುಲದ ಕಮಾನುಗಳನ್ನು) ಕೂಡಿಸಿ ಕಟ್ಟಿದ ಅಪರೂಪದ ಹೆಬ್ಬಾಗಿಲಿನಲ್ಲಿ ತಲೆಬಾಗಿ ಒಳಹೋಗಬೇಕು. ನೀರಿನ ತೊಟ್ಟಿಯಲ್ಲಿ ಎಡಗೈ, ಬಲಗೈ, ಬಾಯಿ ಎಂಬ ಅನುಕ್ರಮದಲ್ಲಿ ಶುದ್ಧಿ ಮಾಡಿಕೊಂಡು, ದೇವರ ಮುಂದೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಇಲ್ಲಿಯ ಮುಖ್ಯ ದೇವರು, ಜಪಾನಿನ ಪುರಾಣದ ಸೃಷ್ಟಿಕರ್ತ ದಂಪತಿಗಳಾದ ಇಜಾನಾಗಿ ಮತ್ತು ಇಜಾನಾಮಿ. ತೋಳವು ಅವರ ದೂತ. ಭಕ್ತರು ಅದನ್ನು ‘ಒಇನುಸಾಮಾ’ ಎನ್ನುತ್ತಾರೆ. ಬೆಳೆ ಹಾಳುಮಾಡುವ ಹಂದಿ, ಜಿಂಕೆಗಳನ್ನು ಹಿಡಿಯುತ್ತಿದ್ದ ತೋಳವನ್ನು ಬೆಟ್ಟದ ರೈತರು ಕಾವಲುಗಾರನೆಂದು ನಂಬಿದರು. ಬೆಂಕಿ ಮತ್ತು ಕಳ್ಳತನದಿಂದ ಕಾಯುವ ಹೊಣೆಯೂ ಅದಕ್ಕೇ ಬಂತು. ಜಪಾನಿನಲ್ಲಿ ತೋಳ ಕೊನೆಯದಾಗಿ ಖಚಿತವಾಗಿ ಸಿಕ್ಕಿದ್ದು 1905ರಲ್ಲಿ, ನಾರಾ ಪ್ರಾಂತ್ಯದಲ್ಲಿ. ಆದರೂ ಇಲ್ಲಿ, ಬೇರೆ ದೇಗುಲಗಳಲ್ಲಿ ಸಾಮಾನ್ಯವಾಗಿ ಕಾಣುವ ಸಿಂಹನಾಯಿಗಳ ಬದಲಿಗೆ ಕಲ್ಲಿನ ತೋಳಗಳೇ ಕಾವಲಿಗಿವೆ. ದೂತನನ್ನು, ಅಂದರೆ ಅದರ ಶಕ್ತಿಯುಳ್ಳದ್ದೆಂದು ನಂಬುವ ದೇಗುಲದ ರಕ್ಷಾಪತ್ರವನ್ನು, ಒಂದು ವರ್ಷದ ಮಟ್ಟಿಗೆ ಮನೆಗೆ ಕಡ ತರುವ ಪದ್ಧತಿಯೂ ಉಂಟು. ಅವಧಿ ಮುಗಿದಾಗ ಹಿಂದಿರುಗಿಸಬೇಕಾದ ಅದನ್ನು ಊರಿಗೆ ಒಯ್ಯುವ ನೆನಪಿನ ಕಾಣಿಕೆಯೆಂದು ಭಾವಿಸುವುದು ಸರಿಯಲ್ಲ. ಅತ್ತೆ-ಮಾವನವರಿಗೆ ಸಾಮಾನ್ಯ ತಾಯಿತವೇ ಸಾಕು.

ಮೂರನೆಯ ಉತ್ತರ: ಹಿರಿಯರು ಸಸ್ಯಾಹಾರಿಗಳಾಗಿದ್ದರೆ ಬುತ್ತಿ ಕಟ್ಟಿಕೊಂಡು ಹೋಗಿ. ಸೋಬಾದಲ್ಲಿ (ಹುರುಳಿಗೋಧಿಯ ಶಾವಿಗೆಯಲ್ಲಿ) ಮಾಂಸ ಕಾಣದಿದ್ದರೂ ಅದರ ಸಾರನ್ನು ಸಾಮಾನ್ಯವಾಗಿ ಒಣಮೀನಿನಿಂದಲೇ ಮಾಡಿರುತ್ತಾರೆ. ವಸತಿಗೃಹದಲ್ಲಿ ತಂಗುವುದಾದರೆ ಊಟದ ವಿಷಯವನ್ನು ಕಾಯ್ದಿರಿಸುವಾಗಲೇ ವಿಚಾರಿಸಿ. ಚಳಿಗಾಲದಲ್ಲಿ ಮೆಟ್ಟಿಲುಗಳ ಮೇಲೆ ಹಿಮ ಗಟ್ಟಿಯಾಗಿ ಜಾರುವುದರಿಂದ ಮೇ ಅಥವಾ ಅಕ್ಟೋಬರ್ ಅವರಿಗೆ ಅನುಕೂಲ.