ಅಪ್‌ಡೇಟ್: ಮಂಡಿನೋವಿರುವ ಅಮ್ಮನ ಜೊತೆ ಟೊಲೆಡೊ

ಮ್ಯಾಡ್ರಿಡ್‌ನಿಂದ ಒಂದೇ ದಿನದಲ್ಲಿ, ಮಂಡಿನೋವಿರುವ ಅಮ್ಮನನ್ನು ಏರು ಹತ್ತಿಸದೆ ಸ್ಪೇನಿನ ಹಳೆಯ ಊರು ಟೊಲೆಡೊ ತೋರಿಸಬಹುದೇ ಎಂದು ಕೇಳಿದ್ದೆ. ಆಗುತ್ತದೆ, ಆದರೆ ದಿಕ್ಕು ಸರಿಯಿರಬೇಕು.

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ಆವಾಂತ್ ಎಂಬ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಸೀಟು ಕಾಯ್ದಿರಿಸಿಯೇ ಹತ್ತಬೇಕು. ಸಂಜೆಯ ರೈಲುಗಳು ಬೇಗ ತುಂಬುವುದರಿಂದ ವಾಪಸ್ ಟಿಕೆಟನ್ನೂ ಮೊದಲೇ ತೆಗೆದುಕೊಳ್ಳಿ. ಹತ್ತುವ ಮೊದಲು ಬ್ಯಾಗ್ ತಪಾಸಣೆ ಇದೆ, ಅರ್ಧ ಗಂಟೆ ಮುಂಚೆ ಇರಿ.

ಟೊಲೆಡೊದಲ್ಲಿ ನಿಲ್ದಾಣ ಕೆಳಗೆ, ಹಳೆಯ ಊರು ಗುಡ್ಡದ ಮೇಲೆ. ನಡೆದು ಹತ್ತುವ ಸಾಹಸ ಬೇಡ. ಟ್ಯಾಕ್ಸಿ ಅಥವಾ ಸಿಟಿ ಬಸ್ಸಿನಲ್ಲಿ ಸೊಕೊದೊವೆರ್ ಚೌಕಕ್ಕೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ನಡೆಯಿರಿ: 1226ರಲ್ಲಿ ಕಟ್ಟಲು ಶುರುಮಾಡಿದ ಕ್ಯಾಥೆಡ್ರಲ್, ಚಿತ್ರಕಾರ ಎಲ್ ಗ್ರೆಕೊನ ‘ಓರ್ಗಾಥ್ ಪ್ರಭುವಿನ ಅಂತ್ಯಕ್ರಿಯೆ’ ಚಿತ್ರವಿರುವ ಸಾಂತೊ ತೊಮೆ ಚರ್ಚ್, ಹಿಂದೆ ಯಹೂದಿಗಳ ಪ್ರಾರ್ಥನಾ ಮಂದಿರವಾಗಿದ್ದ ಸಾಂತಾ ಮರಿಯಾ ಲಾ ಬ್ಲಾಂಕಾ. ಸಾಂತೊ ತೊಮೆಯ ನಂತರ ಹೆಚ್ಚಾಗಿ ಇಳಿಜಾರೇ. ಇದೇ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ನಡೆದರೆ ಮಂಡಿಯ ಕಥೆ ಮುಗಿದಂತೆ. ಹಾಗಂತ ಇಳಿಜಾರೂ ಸುಲಭವಲ್ಲ: ಉರುಟುಕಲ್ಲಿನ ನೆಲ, ಮಳೆ ಬಂದರೆ ಜಾರುತ್ತದೆ. ತೆಳು ಅಟ್ಟೆಯ ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಸಿ. ಕೆಳಗಿನಿಂದ ಮತ್ತೆ ಮೇಲೆ ಬರಬೇಕಾದರೆ ರೆಕಾರೆದೊ ರಸ್ತೆಯ ಬದಿಯಲ್ಲಿ ಎಸ್ಕಲೇಟರ್ ಇದೆ. ನಿಲ್ದಾಣಕ್ಕೆ ಮರಳಲು ಟ್ಯಾಕ್ಸಿಯೇ ವಾಸಿ; ನದಿಯಾಚೆಯ ಮಿರಾದೋರ್ ದೆಲ್ ವಾಯೆ ಎಂಬ ವೀಕ್ಷಣಾ ತಾಣದ ಮೂಲಕ ಹೋದರೆ ಅಮ್ಮ ಇಡೀ ಊರನ್ನು ಒಂದೇ ನೋಟಕ್ಕೆ ನೋಡಬಹುದು.

ಕ್ಯಾಥೆಡ್ರಲ್ ನೋಡುವುದು ಮುಖ್ಯವಾದರೆ ಭಾನುವಾರ ಬಿಟ್ಟುಬಿಡಿ, ಬೆಳಿಗ್ಗೆ ಪೂಜೆಗಷ್ಟೇ ತೆರೆದಿರುತ್ತದೆ.

ಸಸ್ಯಾಹಾರಿಗಳಿಗೆ ‘ಪಿಸ್ತೊ’ ಎಂಬ ಟೊಮೆಟೊ-ದಪ್ಪಮೆಣಸಿನಕಾಯಿ ಪಲ್ಯ ಸಿಗುತ್ತದೆ. ಮೇಲೆ ಮೊಟ್ಟೆ ಹಾಕುವ ರೂಢಿ; ‘ಸಿನ್ ಉಯೆವೊ’ (ಮೊಟ್ಟೆ ಬೇಡ) ಎಂದು ಹೇಳಿದರೆ ಬಿಡುತ್ತಾರೆ. ಬಾದಾಮಿಯ ಸಿಹಿ ಮಾಸಾಪಾನ್ ಕೊಳ್ಳುವಾಗಲೂ ಕೇಳಿ, ಹಲವಕ್ಕೆ ಮೇಲೆ ಮೊಟ್ಟೆ ಸವರಿರುತ್ತಾರೆ.